ಚಂದ್ರಾಮ ಕರೆತಂದ ಹನ್ನೊಂದು ಮಂದಿ

ಆ ದಿನ ಗುರುವಾರ. ಯಂಕಮ್ಮನ ಕಾಲಿಗೆ ಮೊಳೆ ಚುಚ್ಚಿ ಮೂರು ದಿನವಾಗಿತ್ತು. ಕಾಲು ಬಾತು ಕುಂಬಳಕಾಯಿಯಾಗಿತ್ತು. ಅದಕ್ಕೇ ಅವಳು ಕೆಲಸಕ್ಕೆ ಹೋಗದೆ ತಗಡಿನ ಶೆಡ್ಡಿನಲ್ಲಿ ಉಳಿದಳು. ಇಲ್ಲದಿದ್ದರೆ ಗಂಡನಿಗೆ ಸಿಮೆಂಟಿನ ಮಾಲು ಹೊತ್ತು ಕೊಡುತ್ತಾ ಅವಳೂ ಅವನ ಹತ್ತಿರವೇ ಇರುತ್ತಿದ್ದಳು.

ಶೆಡ್ಡು ಇದ್ದದ್ದು ಹೈದರಾಬಾದಿನ ಮಣಿಕೊಂಡದಲ್ಲಿ. ದೊಡ್ಡ ಕಟ್ಟಡವೊಂದು ಏಳುತ್ತಿತ್ತು. ಅದರ ಮಗ್ಗುಲಲ್ಲೇ ಕೆಲಸಗಾರರ ಶೆಡ್ಡಿನ ಸಾಲು. ಗಂಡ ಚಂದ್ರಾಮ ಅಲ್ಲಿ ಪ್ಲಾಸ್ಟರ್ ಮೇಸ್ತ್ರಿ.

ಬೆಳಿಗ್ಗೆ ಅವನು ಪುಂಡಿಪಲ್ಯ ಹಚ್ಚಿಕೊಂಡು ಎರಡು ರೊಟ್ಟಿ ತಿಂದ. ಇನ್ನೆರಡು ಬುತ್ತಿಗೆ ಕಟ್ಟಿಸಿಕೊಂಡ. ಆಮೇಲೆ ಫೋನು ತೆಗೆದು ಅವಳ ತೊಡೆಯ ಮೇಲೆ ಇಟ್ಟ.

"ಮೂರರ ಸುಮಾರಕ್ಕ ಆಟದಾಗ ಕಾಶಿನಾಥನ ಗ್ವಾಡಿ ಎದ್ದು ಮುಗೀತೈತಿ," ಅಂದ. "ಅಂವ ಐದನೇ ಮಜಲಿಗೆ ಹತ್ತತಾನ. ಹತ್ತ ನಿಮಿಷದಾಗ ಒತ್ತಿದರ ಎರಡ ಕುದುರಿ. ತಡ ಆದರ ಒಂದ. ನೀ ಒತ್ತು."

"ನಿಮ್ಮ ಕುದುರಿ ನೀವ ಹಿಡಕೋರಿ."

"ಹಲಗಿ ಮ್ಯಾಲ ನಿಂತಾಗ ನಾ ಫೋನ್ ಮುಟ್ಟಂಗಿಲ್ಲ. ಗೊತ್ತಿಲ್ಲೇನು ನಿನಗ?"

ಗೊತ್ತಿತ್ತು. ಬ್ಯಾರೆಯವರು ಫೋನನ್ನು ಕಿಸೆಯಲ್ಲಿಟ್ಟುಕೊಂಡೇ ಮೇಲೆ ಹತ್ತುತ್ತಿದ್ದರು. ಚಂದ್ರಾಮ ಮಾತ್ರ ಬುತ್ತಿ ಚೀಲದಲ್ಲಿ ಹಾಕಿ ಕೆಳಗೇ ಬಿಡುತ್ತಿದ್ದ. ಗೋಡೆಯ ಹೊರಗೆ ಹಗ್ಗದಿಂದ ಕಟ್ಟಿದ ಹಲಗೆಯ ಮೇಲೆ ಎರಡೂ ಕೈ ಬೇಕು ಅಂತಿದ್ದ.

"ಹೊಲ ಇಲ್ಲ, ದನ ಇಲ್ಲ, ಕುದುರಿ ಹಿಂಡೇ ಐತಿ ನಮ್ಮ ಮನ್ಯಾಗ," ಅಂದಳು ಯಂಕಮ್ಮ. "ಅದರಾಗ ಒಂದರ ಮ್ಯಾಲರ ನೀರಿನ ಕೊಡ ಹೇರಾಕ ಬರತೈತೇನು?"

"ಹೇರಬೌದು. ಆದರ ಜಿಗದಾಡಿ ಕೊಡ ಒಡೀತಾವ," ಅಂದ. ನಕ್ಕ. ಬುತ್ತಿ ಹಿಡಿದು ಹೋದ.

ಅವಳು ಅವನ ಬೆನ್ನು ನೋಡಲಿಲ್ಲ. ತನ್ನ ಕಾಲು ನೋಡಿಕೊಳ್ಳುತ್ತಿದ್ದಳು.

ಚಂದ್ರಾಮ ಗುರುಮಿಠಕಲ್ ಕಡೆಯ ಹಳ್ಳಿಯವ. ಹದಿನಾರಕ್ಕೆ ಬಸ್ಸು ಹತ್ತಿ ಹೈದರಾಬಾದಿಗೆ ಬಂದವ. ಮೊದಲು ನಾಚಾರಂನಲ್ಲಿ ಕಾರ್ಖಾನೆಗಳ ಗೋಡೆ ಕಟ್ಟುವವರಿಗೆ ಇಟ್ಟಿಗೆ ಹೊತ್ತ. ಕೂಕಟ್‌ಪಲ್ಲಿಯಲ್ಲಿ ಕೈಗೆ ಪ್ಲಾಸ್ಟರ್ ಬಳಿಯುವ ಕರಣಿ ಬಂತು. ಆ ಕಡೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಕಿಟಕಿಯಿಂದ ಬೆರಳು ಮಾಡಿ, "ಆ ಮೂರನೇ ಮಾಳಿಗಿ ಗ್ವಾಡಿ ನಂದು. ಅಕಾ, ಆ ಹಳದಿ ಬಣ್ಣದ್ದೂ ನಂದ," ಅಂತ ತೋರಿಸುತ್ತಿದ್ದ. ಪಕ್ಕದಲ್ಲಿ ಕೂತವರು ಇವನು ಮನೆಗಳ ಯಜಮಾನ ಅಂದುಕೊಂಡು ಸರಿದು ಜಾಗ ಕೊಟ್ಟದ್ದೂ ಉಂಟು.

ಅವರಿಗೆ ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವನು ಮಾತಾಡುತ್ತಿರಲಿಲ್ಲ. ಆದರೆ ಒಬ್ಬನೇ ಕೂತು ಉಣ್ಣಲು ಅವನಿಗೆ ಬರುತ್ತಿರಲಿಲ್ಲ. ಊರಿಗೆ ಹೋದಾಗಲೆಲ್ಲ ಒಬ್ಬನನ್ನೋ ಇಬ್ಬರನ್ನೋ ಜೊತೆಗೆ ಕರೆದುಕೊಂಡು ಬರುತ್ತಿದ್ದ. ಬಸು ಹಾಗೆ ಬಂದವನೇ. ಕಾಶಿನಾಥನೂ. ಅವರ ಕಡೆ ಒಂದು ಕಟ್ಟಳೆ ಇದೆ. ಕರಕೊಂಡು ಬಂದವನೇ ಹೊಣೆ. ಬಂದವನಿಗೆ ಜ್ವರ ಬಂದರೆ ಗುಳಿಗೆ ತರಬೇಕು. ಜಗಳ ಮಾಡಿಕೊಂಡರೆ ಬಿಡಿಸಬೇಕು. ಓಡಿಹೋದರೆ ಅವನ ತಾಯಿಗೆ ಜವಾಬು ಹೇಳಬೇಕು. ಹಾಗಾಗಿ ಹೆಚ್ಚಿನವರು ಯಾರನ್ನೂ ಕರೆತರುವುದಿಲ್ಲ. ಚಂದ್ರಾಮ ತರುತ್ತಿದ್ದ.

ಹಿಂದಿನ ವರ್ಷ ಅವನ ಫೋನಿಗೆ ಆ ಆಟ ಬಂತು. ಅದರ ಹೆಸರು ಇಂಗ್ಲಿಷಿನಲ್ಲಿತ್ತು. ಇವರು ಕಿಲ್ಲೇದ ಆಟ ಅಂತಿದ್ದರು. ಒಬ್ಬೊಬ್ಬನೂ ಫೋನಿನಲ್ಲಿ ಒಂದು ಕೋಟೆ ಕಟ್ಟಬೇಕು. ಎಲ್ಲಿಯವರೋ ಮುಖ ಕಾಣದವರು ಬಂದು ಅದನ್ನು ಕೆಡವುತ್ತಾರೆ. ಗೆಳೆಯರು ಒಂದೇ ಪಾಳ್ಯವಾಗಿ ನಿಂತು ಕಾಯಬೇಕು. ಗೆಳೆಯನೊಬ್ಬನನ್ನು ಹೊಸದಾಗಿ ಆಟಕ್ಕೆ ಕರೆತಂದರೆ, ಅವನ ಕೋಟೆ ಐದನೇ ಮಜಲಿಗೆ ಏರಿದ ದಿನ, ಕರೆತಂದವನಿಗೆ ಒಂದು ಬಿಳಿ ಕುದುರೆ ಇನಾಮು, ಕೂಡಲೇ ಒತ್ತಿದರೆ ಎರಡು.

ಬ್ಯಾರೆಯವರು ಗೆಳೆಯನನ್ನು ಸೇರಿಸುತ್ತಾರೆ, ಕುದುರೆ ಹಿಡಿದುಕೊಳ್ಳುತ್ತಾರೆ, ಮರೆಯುತ್ತಾರೆ. ಆಟ ಇರುವುದೇ ಅದಕ್ಕೆ. ಚಂದ್ರಾಮನಿಗೆ ಅದು ತಿಳಿಯಲಿಲ್ಲ. ಊರಿನಿಂದ ಕರೆತಂದವರಿಗೆ ಹೊಣೆಯಾದ ಹಾಗೆ ಇಲ್ಲಿಯೂ ಹೊಣೆಯಾದ. ಓದು ಬಾರದವರ ಕೋಟೆಯನ್ನು ತಾನೇ ಕಟ್ಟಿಕೊಟ್ಟ. ಮಧ್ಯಾಹ್ನ ಊಟದ ಹೊತ್ತಿನಲ್ಲಿ ಸಿಮೆಂಟ್ ಚೀಲದ ಮೇಲೆ ಐದಾರು ಫೋನು ಸಾಲಾಗಿ ಇಟ್ಟುಕೊಂಡು ಕೂರುತ್ತಿದ್ದ. ಒಂದು ಕೈಯಲ್ಲಿ ರೊಟ್ಟಿ, ಒಂದು ಕೈಯಲ್ಲಿ ಆಟ. ಒಬ್ಬನಿಗೆ ಕಾಳು ಕಳಿಸುತ್ತಿದ್ದ, ಇನ್ನೊಬ್ಬನ ಬಾಗಿಲು ಭದ್ರ ಮಾಡುತ್ತಿದ್ದ. ಗುರುತಿಗೆ ಒಬ್ಬೊಬ್ಬರಿಗೆ ಒಂದೊಂದು ಬಾವುಟ ಹಚ್ಚಿದ್ದ. ಬಸುವಿಗೆ ಗಿಣಿ. ಕಾಶಿನಾಥನಿಗೆ ಎತ್ತು. ಸೂಪರ್‌ವೈಜರ್ ಸತೀಶನಿಗೆ ಛತ್ರಿ. ಸತೀಶ ನಾರಾಯಣಖೇಡದವ, ಮನೆಯಲ್ಲಿ ಕನ್ನಡವೇ. ಚಂದ್ರಾಮ ಅವನನ್ನೂ ಬಿಟ್ಟಿರಲಿಲ್ಲ. ಒಂದು ತಿಂಗಳು ಬೆನ್ನು ಹತ್ತಿ ಸೇರಿಸಿದ್ದ.

"ಸೂಪರ್‌ವೈಜರ್‌ನ ಲೇಬರ್ ಮಾಡಿಟ್ಟಿ ಮಾರಾಯಾ ನೀನು," ಅಂತ ಸತೀಶ ಬೈಯುತ್ತಿದ್ದ.

"ಹಂಗಲ್ಲರಿ ಸಾಹೇಬ್ರ. ಆಟದಾಗ ನಾ ಮುಕಾದಮ. ಇಲ್ಲಿ ನೀವು," ಅಂತಿದ್ದ ಚಂದ್ರಾಮ.

ಒಟ್ಟು ಹನ್ನೊಂದು ಮಂದಿಯಾದರು. ಎಲ್ಲರೂ ಅದೇ ಕಟ್ಟಡದವರು. ಪಾಳ್ಯದ ಹಿರಿಯನಾದ ಚಂದ್ರಾಮ ಆಟ ತೆರೆದರೆ ಉಳಿದವರ ಫೋನಿನಲ್ಲಿ ಒಂದು ಕಹಳೆ ಊದುತ್ತಿತ್ತು. ಅವನ ಹೆಸರಿನ ಮಗ್ಗುಲಲ್ಲಿ ಹಸಿರು ಚುಕ್ಕಿ ಬರುತ್ತಿತ್ತು. ಹನ್ನೊಂದು ಕಿಸೆಯಲ್ಲಿ ಒಮ್ಮೆಗೇ ಊದಿದಾಗ, "ಬಂದ ನೋಡ್ರೋ ಮುಕಾದಮ," ಅಂತ ಗಂಡಸರು ನಗುತ್ತಿದ್ದರು.

ಯಂಕಮ್ಮ ಓದಿದ್ದು ಕನ್ನಡ ಶಾಲೆಯ ಮೂರನೇ ತರಗತಿ. ಆಟದ ಇಂಗ್ಲಿಷ್ ಅಕ್ಷರ ಅವಳಿಗೆ ಬರುತ್ತಿರಲಿಲ್ಲ. ಚಿತ್ರ ಬರುತ್ತಿತ್ತು. ಸಂಜೆ ಅವನು ರೊಟ್ಟಿ ಬಡಿಯಲು ಕೂತು, ಅವಳ ಕೈಗೆ ಫೋನು ಕೊಟ್ಟು, "ಗಿಣಿಗೆ ಕಾಳು ಕಳಸು, ಎತ್ತಿನ ಬಾಗಲಾ ಹಾಕು," ಅಂತ ಹೇಳಿಕೊಡುತ್ತಿದ್ದ. ಇದು ಹೊರಗೆ ಯಾರಿಗೂ ಗೊತ್ತಿರಲಿಲ್ಲ. ಗಂಡಸು ರೊಟ್ಟಿ ಬಡಿಯುವುದನ್ನೂ ಹೆಂಗಸು ಫೋನಿನಲ್ಲಿ ಆಡುವುದನ್ನೂ ಯಾರು ಹೇಳಿಕೊಳ್ಳುತ್ತಾರೆ.

ಗುರುವಾರ ಮೂರು ದಾಟಿತು. ಕಾಲಿಗೆ ಅರಿಶಿನ ಹಚ್ಚಿ ಗೋಡೆಗೆ ಒರಗಿ ಕೂತವಳು ಆಟ ತೆರೆದಳು. ಸ್ವಲ್ಪ ಹೊತ್ತಿಗೆ ಎತ್ತಿನ ಬಾವುಟ ಮಿಣಮಿಣ ಅಂತು. ಒತ್ತಿದಳು. ಎರಡು ಬಿಳಿ ಕುದುರೆ ಜೂಲು ಕುಣಿಸುತ್ತಾ ಬಂದು ಪರದೆಯ ಮೇಲೆ ನಿಂತವು. ಅವಳಿಗೆ ನಗು ಬಂತು. ಒಬ್ಬಳೇ ನಕ್ಕಳು. ಸಂಜೆ ಬಂದಾಗ ಒಂದೇ ಸಿಕ್ಕಿತು ಅಂತ ಸುಳ್ಳು ಹೇಳಿ ಅವನ ಮುಖ ನೋಡಬೇಕು ಅಂದುಕೊಂಡಳು.

ಹೊರಗೆ ಆಗಿನಿಂದ ಗದ್ದಲ ಕೇಳುತ್ತಿತ್ತು. ಉಸುಕಿನ ಲಾರಿ ಬಂದಿರಬೇಕು ಅಂತ ಸುಮ್ಮನೆ ಕೂತಳು. ಆಮೇಲೆ ಯಾರೋ ಅವಳ ಹೆಸರು ಹಿಡಿದು ಕೂಗಿದರು.

ಅವಳು ನಗುತ್ತಿದ್ದಾಗ ಅವನು ನೆಲದ ಮೇಲಿದ್ದ.

ಐದನೇ ಮಾಳಿಗೆಯ ಹೊರಗೋಡೆಯ ಹಲಗೆಯಿಂದ ಬಿದ್ದಿದ್ದ. ಆಸ್ಪತ್ರೆಗೆ ಒಯ್ಯುವ ಮೊದಲೇ ಮುಗಿದಿತ್ತು. ಮರುದಿನ ಹೆಣ ಕೊಟ್ಟರು. ಊರಿಗೆ ಒಯ್ದು ಮಣ್ಣು ಮಾಡಿದರು. ಯಂಕಮ್ಮ ಮಣ್ಣಿಗೆ ಕುಂಟುತ್ತಾ ಹೋದಳು, ಕುಂಟುತ್ತಾ ಬಂದು ಊರಿನಲ್ಲೇ ಉಳಿದಳು. ಫೋನು ಅವಳ ಸೀರೆಯ ಗಂಟಿನಲ್ಲೇ ಇತ್ತು. ಸತ್ತು ಕಪ್ಪಾಗಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವಳೂ ನೋಡಲಿಲ್ಲ.

ಹದಿನೈದನೇ ದಿನಕ್ಕೆ ಬಸು ಊರಿಗೆ ಫೋನು ಮಾಡಿಸಿದ. "ವೈನಿ, ಸಾಮಾನ ಒಯ್ಯಾಕ ಬರ್ರಿ. ಯಾವದೋ ಕಾಗದಕ್ಕ ನಿಮ್ಮ ಸಹಿ ಬೇಕಂತ." ಬಸು ಚಂದ್ರಾಮನ ಜೋಡಿ ಆಳು, ಅವಳಿಗೆ ಮೈದುನನ ಹಾಗೆ. ಒಂದೇ ಹಲಗೆಯ ಮೇಲೆ ಎಂಟು ವರ್ಷ ಇಬ್ಬರೂ ಕೂಡಿ ಪ್ಲಾಸ್ಟರ್ ಮಾಡಿದವರು.

ಯಂಕಮ್ಮ ಬಂದಳು. ನಳದ ಹತ್ತಿರ ಕಾಲು ತೊಳೆಯುವಾಗ ಪಕ್ಕದ ಶೆಡ್ಡಿನ ದಾನೇಶ್ವರಿ ಸಿಕ್ಕಳು. ಒಳ್ಳೆಯವಳು, ಆದರೆ ಬಾಯಿಗೆ ಕದವಿಲ್ಲ.

"ಹೌದನ ಯಂಕವ್ವಾ, ಫೋನ್ ಆಡಕೋತ ಬಿದ್ದನಂತ ನಿನ್ನ ಗಂಡ? ಎಲ್ಲಾರೂ ಹಂಗ ಅಂತಾರವ್ವಾ. ಒಂದ ಕುದುರಿ ಸಲುವಾಗಿ ಜೀವ ಕೊಟ್ಟನಲ್ಲ ಹುಚ್ಚಪ್ಪ."

ಯಂಕಮ್ಮ ನಳ ಬಂದ್ ಮಾಡಿದಳು. ಆಫೀಸಿನ ಕಡೆ ಕುಂಟುತ್ತಾ ಹೊರಟಳು.

ಗುತ್ತೇದಾರ ಗೋಪಿನಾಥನ ಆಫೀಸು ಅಂದರೆ ಒಂದು ತಗಡಿನ ಡಬ್ಬಿ, ಒಳಗೆ ಫ್ಯಾನು. ಸತೀಶ ಬಾಗಿಲ ಹತ್ತಿರ ನಿಂತಿದ್ದ. ಗೋಪಿನಾಥ ಕಾಗದ ಮುಂದೆ ಸರಿಸಿ, "ಸಂತಕಂ ಪೆಟ್ಟಮ್ಮಾ," ಅಂದ. ಸಹಿ ಮಾಡಿದರೆ ಸಾಮಾನು ಊರಿಗೆ ಒಯ್ಯಲು ಗಾಡಿ ಕೊಡಿಸುತ್ತೇನೆ ಅಂದ. ಪೆನ್ನು ಕೊಟ್ಟ.

ಕಾಗದ ತೆಲುಗಿನಲ್ಲಿತ್ತು. ಇವಳಿಗೆ ಓದಲು ಬಾರದು ಅಂತ ಇಬ್ಬರೂ ತಿಳಿದಿದ್ದರು. ಆದರೆ ತೆಲುಗಿನ ಅಕ್ಷರವೂ ಕನ್ನಡದ ಅಕ್ಷರವೂ ಅಕ್ಕತಂಗಿಯರ ಹಾಗೆ. ತಲೆಕಟ್ಟು ಒಂದು ಬ್ಯಾರೆ. ಯಂಕಮ್ಮ ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. ಚಂದ್ರಾಮನ ಹೆಸರು ಸಿಕ್ಕಿತು. ಅದರ ಮುಂದೆ ಫೋನು ಅಂತ ಸಿಕ್ಕಿತು. ಅದರ ಮುಂದೆ ಆಟ. ಬೆರಳು ಅಲ್ಲೇ ನಿಂತಿತು. ಆಟಕ್ಕೆ ಎರಡೂ ಭಾಷೆಯಲ್ಲಿ ಅದೇ ಮಾತು. ಆಡುತ್ತಾ ತನ್ನ ತಪ್ಪಿನಿಂದಲೇ ಬಿದ್ದ, ಗುತ್ತೇದಾರ ಏನೂ ಕೊಡಬೇಕಿಲ್ಲ ಅನ್ನುವ ಕಾಗದ ಅದು.

"ಇದು ಸುಳ್ಳು," ಅಂದಳು.

"ಹೆಂಗ ಸುಳ್ಳಕ್ಕಾ?" ಅಂದ ಸತೀಶ. "ಕಹಳಿ ಊದಿತು. ನನ್ನ ಫೋನ್ ತಗದು ನೋಡಿದೆ. ಅವನ ಹೆಸರಿನ ಮಗ್ಗಲ ಹಸರ ಚುಕ್ಕಿ. ಕೆಲಸದಾಗ ಆಡ್ತೀಯೇನಲೇ ಅಂತ ಬೈಬೇಕಂತ ಮ್ಯಾಲ ಕತ್ತ ಎತ್ತಿದೆ. ಅಷ್ಟರಾಗ ಬಿದ್ದ. ನನ್ನ ಕಣ್ಣಿಲೆ ನೋಡೇನಿ."

ಅವನ ಕಣ್ಣಲ್ಲಿ ನೀರು ಬಂತು. ಅವನು ಸುಳ್ಳು ಹೇಳುತ್ತಿರಲಿಲ್ಲ. ಅದೇ ಯಂಕಮ್ಮನಿಗೆ ಹೆಚ್ಚು ಚುಚ್ಚಿತು. ಸುಳ್ಳು ಹೇಳುವವನಾದರೆ ಬೈಯಬಹುದಿತ್ತು.

ಆಗ ಅವಳಿಗೆ ಗೊತ್ತಾಯಿತು. ಆ ಕಹಳೆ ಊದಿದ್ದು ತನ್ನ ಬೆರಳು.

"ಫೋನ್ ಅವರ ಹತ್ರ ಇರಲಿಲ್ಲ. ಮನ್ಯಾಗ ನನ್ನ ಕೈಯಾಗ ಇತ್ತು. ಆಟ ತಗದಾಕಿ ನಾನು."

ಗೋಪಿನಾಥ ನಕ್ಕ. ಕೆಟ್ಟ ನಗುವಲ್ಲ. ಕೂಸು ಏನೋ ಹೇಳಿದರೆ ನಗುತ್ತಾರಲ್ಲ, ಹಾಗೆ. "ನುವ್ವು ಆಡ್ತಾವಾ ಅಮ್ಮಾ?" ನೀನು ಆಡುತ್ತೀಯಾ ಅಂತ. ಬಿದ್ದ ಫೋನನ್ನು ಯಾರೋ ಎತ್ತಿ ನಿನಗೆ ಕೊಟ್ಟಿದ್ದಾರೆ, ಈಗ ಗಂಡನ ಹೆಸರು ಉಳಿಸಲು ಹೀಗೆ ಹೇಳುತ್ತೀ, ನಾನೂ ಮನುಷ್ಯನೇ, ತಿಳಿಯುತ್ತದೆ ಅಂದ.

ಯಂಕಮ್ಮ ಪೆನ್ನು ಕಾಗದದ ಮೇಲೆ ಇಟ್ಟಳು. "ಊಟದ ಹೊತ್ತಿಗೆ ಆ ಹನ್ನೊಂದೂ ಮಂದೀನ ಕರೀರಿ ಸತೀಶಪ್ಪ. ನೀವೂ ಅವರಾಗ ಒಬ್ಬರ ಅದೀರಿ. ಕಾಗದ ಅಲ್ಲೀತನಕ ಇಲ್ಲೇ ಬಿದ್ದಿರಲಿ."

ಫೋನಿಗೆ ಚಾರ್ಜು ಹಾಕಿಸಿದಳು. ರೀಚಾರ್ಜು ಅವನಿಗಿಂತ ಹೆಚ್ಚು ಬಾಳಿತ್ತು. ಇನ್ನೂ ಹನ್ನೆರಡು ದಿನ ಬಾಕಿ ಇತ್ತು.

ಸಿಮೆಂಟಿನ ಗೋದಾಮಿನಲ್ಲಿ ಎಲ್ಲರೂ ಕೂಡಿದರು. ಕೈಯಲ್ಲಿ ಬುತ್ತಿ, ಮೈಮೇಲೆ ಸಿಮೆಂಟಿನ ಬೂದಿ. ಯಾರೂ ಬುತ್ತಿ ಬಿಚ್ಚಲಿಲ್ಲ. ಗೋಪಿನಾಥ ಕುರ್ಚಿ ಹಾಕಿಸಿಕೊಂಡು ಕೂತ. ಬಸು ಎಲ್ಲರಿಗಿಂತ ಹಿಂದೆ ಕಂಬಕ್ಕೆ ಒರಗಿ ನಿಂತ.

ಯಂಕಮ್ಮ ಒಂದು ಚೀಲದ ಮೇಲೆ ಕೂತು ಫೋನಿನ ಮೇಲೆ ಬೆರಳಿನಿಂದ ಗೆರೆ ಎಳೆದಳು. ಬೀಗ ತೆರೆಯಿತು. ಕೋಟೆಯ ಚಿತ್ರ ಮುಟ್ಟಿದಳು.

ಹನ್ನೊಂದು ಕಿಸೆಯಲ್ಲಿ ಕಹಳೆ ಊದಿತು.

ಒಬ್ಬ ಎದ್ದು ನಿಂತೇಬಿಟ್ಟ. ಇನ್ನೊಬ್ಬ "ಯಪ್ಪಾ" ಅಂದ. ಕಾಶಿನಾಥ ಫೋನು ತೆಗೆದು ನೋಡಿದ, ಮತ್ತೆ ಬೋರಲು ಹಾಕಿ ತೊಡೆಯ ಕೆಳಗೆ ಇಟ್ಟುಕೊಂಡ. ಎಲ್ಲರ ಪರದೆಯ ಮೇಲೂ ಚಂದ್ರಾಮನ ಹೆಸರು, ಅದರ ಮಗ್ಗುಲಲ್ಲಿ ಹಸಿರು ಚುಕ್ಕಿ. ಹದಿನೈದು ದಿನ ಮಣ್ಣಲ್ಲಿದ್ದವ ಆಟಕ್ಕೆ ಬಂದಿದ್ದ.

ಯಂಕಮ್ಮ ತಲೆ ಎತ್ತಲಿಲ್ಲ. "ಇದು ಎತ್ತು, ಕಾಶಿನಾಥ. ನಿನ್ನ ಹಗೇವು ಬರಿದಾಗೈತಿ. ಕಾಳ ಕಳಸೇನಿ, ನೋಡಕೋ. ಇದು ಛತ್ರಿ, ಸತೀಶಪ್ಪ ನೀವು. ನಿಮ್ಮ ಹಿಂದಿನ ಬಾಗಲಾ ಮುರದಾರ ಯಾರೋ. ಹಾಕೇನಿ. ಇದು ಗಿಣಿ." ಅದಕ್ಕೂ ಕಾಳು ಕಳಿಸಿದಳು. "ಗಿಣಿ ಬಸುಂದು."

ಒಬ್ಬೊಬ್ಬರ ಫೋನು ಒಂದೊಂದಾಗಿ ಟಿಣ್ ಅಂತು.

"ಇನ್ನ ಕಾಶಿನಾಥ ಹೇಳಲಿ," ಅಂದಳು. "ಆ ದಿನ ನೀ ಮಜಲು ಏರಿದಾಗ ಎರಡ ಕುದುರಿ ಹ್ವಾದುವಿಲ್ಲೋ ನಮ್ಮ ಕಡೆ? ಅವನ್ನ ಒತ್ತಿ ಹಿಡದಾಗ ಹೊತ್ತ ಎಷ್ಟಾಗಿತ್ತು, ನೋಡು."

ಕಾಶಿನಾಥ ನೋಡಿದ. "ಮೂರೂ ಹದಿನೇಳಕ್ಕ ಅಂತ ಐತಿ."

ಸತೀಶ ಮುಂದೆ ಬಂದ. "ಮೂರೂ ಹತ್ತಕ್ಕ ಬಿದ್ದ," ಅಂದ. "ಹದಿನೇಳಕ್ಕ ನಾವೆಲ್ಲಾ ಅವನ ಸುತ್ತ ನಿಂತಿದ್ದಿವಲ್ಲರೋ."

ಗೋಪಿನಾಥ ಕಾಲು ಅಲುಗಿಸುವುದು ನಿಲ್ಲಿಸಿದ. ಆದರೂ ಅವನು ಗುತ್ತೇದಾರ. ಹಾಗಾದರೆ ಹೇಗೆ ಬಿದ್ದ, ಕಂಡವರು ಯಾರಾದರೂ ಇದ್ದಾರಾ ಅಂತ ಕೇಳಿದ.

ಯಂಕಮ್ಮ ಕಂಬದ ಕಡೆ ನೋಡಿದಳು. "ಬಸು. ನೀ ಮಗ್ಗಲಾಗ ಇದ್ದೆಲ್ಲಪಾ."

ಬಸು ಕೂತುಬಿಟ್ಟ. ನೆಲ ಕೆರೆಯುತ್ತಾ ಹೇಳಿದ.

"ಕೈಯಾಗ ಕರಣಿ ಇತ್ತು ವೈನಿ. ಫೋನ್ ಇರಲಿಲ್ಲ. ಕಹಳಿ ನನ್ನ ಕಿಸೆದಾಗ ಊದಿತು. ಅಣ್ಣ ನನ್ನ ಕಡೆ ಹೊರಳಿದ. 'ನಮ್ಮಾಕಿ ಕುದುರಿ ಹಿಡಿಯಾಕ ಹ್ವಾದಳು ನೋಡಲೇ' ಅಂದ. ಹೊರಳೂ ಮುಂದ ಹಲಗಿ ತುದಿ ತುಳದ. ಹಗ್ಗದ ಕಟ್ಟು ಬಿಚ್ಚಿತು."

"ಬಿಚ್ಚಿತು ಅಂದರ?"

"ಸಡ್ಲ ಇತ್ತು. ಬೆಳಗ್ಗೆ ನಾ ನೋಡಿದ್ದೆ. ಉಂಡ ಬಂದು ಬಿಗದರಾತು ಅಂದಕೊಂಡೆ. ಮರತೆ." ಅವನು ಮುಖ ಮುಚ್ಚಿಕೊಂಡ. "ಎಲ್ಲಾರೂ ಆಟ ಆಡಕೋತ ಬಿದ್ದ ಅಂದರು. ನಾ ಸುಮ್ಮನಾದೆ. ನನ್ನ ಮ್ಯಾಲ ಬರಬಾರದಂತ ಸುಮ್ಮನಾದೆ ವೈನಿ. ನನ್ನ ಹೈದರಾಬಾದಿಗೆ ತಂದಾವ ಅಂವ."

ಕಾಶಿನಾಥ ಅವನನ್ನು ಹೊಡೆಯಲು ಎದ್ದ. ನಾಲ್ಕು ಮಂದಿ ಹಿಡಿದರು. ಯಂಕಮ್ಮನಿಗೂ ಹೊಡೆಯಬೇಕು ಅನಿಸಿತು. ಕಾಲಲ್ಲಿ ಚಪ್ಪಲಿ ಇತ್ತು. ಕೈ ಅಲ್ಲಿತನಕ ಹೋಗಲಿಲ್ಲ. ಅವಳಿಗೆ ಬ್ಯಾರೆ ಒಂದು ಕೇಳುವುದಿತ್ತು.

"ನಕ್ಕರೇನು? ಹೊರಳಿದಾಗ?"

"ನಕ್ಕ ವೈನಿ."

ಅವಳು ಫೋನು ಬಂದ್ ಮಾಡಿದಳು. ಎಲ್ಲರ ಪರದೆಯ ಮೇಲೂ ಹಸಿರು ಚುಕ್ಕಿ ಹೋಯಿತು. ಆಮೇಲೆ ಅತ್ತಳು. ಊರಿನಲ್ಲಿ ಮಣ್ಣು ಹಾಕುವಾಗಲೂ ಹಾಗೆ ಅತ್ತಿರಲಿಲ್ಲ.

ಸಂಜೆ ಸತೀಶ ಆ ಕಾಗದ ಹರಿದು, ಹಲಗೆಯ ಕಟ್ಟು ಬಿಚ್ಚಿ ಬಿದ್ದ ಅಂತ ಹೊಸದೊಂದು ಬರೆದ. ಕೆಳಗೆ ತಾನೇ ಮೊದಲ ಸಹಿ ಹಾಕಿದ. ಬಸುವೂ ಹಾಕಿದ. ಗೋಪಿನಾಥ ಅದನ್ನು ತೆಗೆದುಕೊಂಡು, ಪರಿಹಾರಕ್ಕೆ ದೊಡ್ಡವರನ್ನು ಕೇಳಬೇಕು ಅಂದ. ಎಂಟು ತಿಂಗಳಾಯಿತು. ದೊಡ್ಡವರು ಇನ್ನೂ ಕೇಳಿಸಿಕೊಂಡಿಲ್ಲ. ಕಾರ್ಮಿಕರ ಕಚೇರಿಗೆ ಸತೀಶ ಎರಡು ಸಲ ಅವಳನ್ನು ಕರೆದುಕೊಂಡು ಹೋದ. ಮುಂದಿನ ತಿಂಗಳು ಬರ್ರಿ ಅಂದಿದ್ದಾರೆ. ಆದರೆ ನಳದ ಹತ್ತಿರ ಈಗ ಯಾರೂ ಆಡಕೋತ ಬಿದ್ದ ಅನ್ನುವುದಿಲ್ಲ.

ಊರಿಗೆ ಹೋಗು ಅಂತ ಎಲ್ಲರೂ ಹೇಳಿದರು. ಯಂಕಮ್ಮ ಹೋಗಲಿಲ್ಲ. ಕಾಲು ವಾಸಿಯಾದ ಮೇಲೆ ಅದೇ ಕಟ್ಟಡದಲ್ಲಿ ಮಾಲು ಹೊರಲು ನಿಂತಳು. ಬಸುವಿನ ಸಂಗಡ ಮಾತಿಲ್ಲ. ಅವನು ಕೇಳಿದರೆ ಮಾಲು ಕೊಡುತ್ತಾಳೆ, ಅಷ್ಟೇ.

ಒಂದು ದಿನ ಕಾಶಿನಾಥ ತಲೆ ಕೆರೆಯುತ್ತಾ ಬಂದ. "ಯಂಕಕ್ಕಾ, ಪಾಳೇದಾಗ ಹಿರ್‍ಯಾರಿಲ್ಲ. ನಮ್ಮ ಕಿಲ್ಲೆ ಒಂದೊಂದ ಬೀಳಾಕತ್ತಾವ. ದಿನಕ್ಕೊಮ್ಮೆ ತಗದು ಕಾಳ ಕಳಸಬೇ."

"ಬೀಳಲಿ," ಅಂದಳು.

"ಅಣ್ಣ ಕಟ್ಟಿದ್ದು..."

"ನಾ ತಗದರ ಕಹಳಿ ಊದತೈತಿ. ನೀವು ಹನ್ನೊಂದ ಮಂದಿ ಹಲಗಿ ಮ್ಯಾಲ ಇರತೀರಿ. ಹೊರಳತೀರಿ."

ಕಾಶಿನಾಥ ಕೆಲಸಕ್ಕೆ ಹೋದ.

ಅವಳು ಆ ಗುರುವಾರವನ್ನು ಮನಸ್ಸಿನಲ್ಲಿ ಎಷ್ಟು ಸಲ ತಿರುಗಿಸಿ ನೋಡಿದ್ದಾಳೋ. ತಾನು ಆಟ ತೆರೆಯದಿದ್ದರೆ ಅವನು ಹೊರಳುತ್ತಿರಲಿಲ್ಲ. ಬಸು ಬಿಗಿದಿದ್ದರೆ ಹೊರಳಿದರೂ ಬೀಳುತ್ತಿರಲಿಲ್ಲ. ಎರಡರಲ್ಲಿ ಯಾವುದೂ ಇನ್ನೊಂದನ್ನು ಅಳಿಸುವುದಿಲ್ಲ. ಮನುಷ್ಯ ಅಂದ ಮೇಲೆ ತನ್ನವರು ಕರೆದರೆ ಹೊರಳುತ್ತಾನೆ. ಹೊರಳಿದವನನ್ನು ಹಲಗೆ ಹೊರಬೇಕು.

ಬೆಳಿಗ್ಗೆ ಗಂಡಸರು ಇನ್ನೂ ಚಹಾ ಕುಡಿಯುತ್ತಿರುತ್ತಾರೆ. ಯಂಕಮ್ಮ ಸೀರೆಯ ಕಚ್ಚೆ ಹಾಕಿಕೊಂಡು ಮೇಲೆ ಹತ್ತುತ್ತಾಳೆ. ಇದನ್ನು ಮಾಡು ಅಂತ ಅವಳಿಗೆ ಯಾರೂ ಹೇಳಿಲ್ಲ, ಇದಕ್ಕೆ ಕೂಲಿಯೂ ಇಲ್ಲ. ಒಂದು ತುದಿಯಿಂದ ಶುರು ಮಾಡಿ ಹಲಗೆಯ ಒಂದೊಂದು ಕಟ್ಟನ್ನೂ ಎರಡೂ ಕೈಯಿಂದ ಹಿಡಿದು, ಮೈಭಾರ ಬಿಟ್ಟು ಜಗ್ಗಿ ನೋಡುತ್ತಾಳೆ. ಸಡಿಲ ಕಂಡರೆ ಬಿಚ್ಚಿ, ಹಗ್ಗಕ್ಕೆ ನೀರು ಹಚ್ಚಿ, ಮತ್ತೆ ಬಿಗಿಯುತ್ತಾಳೆ. ಆಮೇಲೆ ಮಾಲು ಹೊರಲು ಇಳಿಯುತ್ತಾಳೆ.